ಒಂದು ಸ್ಕೂಪ್ ಎರಡಾಗುವುದು ಯಾಕೆ?

ಚಿತ್ರದುರ್ಗದ ಕೋಟೆ ಹತ್ತುವಾಗ ನನ್ನ ತಲೆ ಸಿಡಿಯತೊಡಗಿತು. ಭಾನುವಾರ ಬೆಳಗ್ಗೆ ಹನ್ನೊಂದರ ಹೊತ್ತು. ದಾವಣಗೆರೆಯಿಂದ ಮನೆಯವರೆಲ್ಲ ಹೋಗಿದ್ದೆವು. ಬಿಸಿಲಿಗೆ ಹೀಗಾಗಿದೆ ಅಂದುಕೊಂಡು ಅಕ್ಕ-ತಂಗಿಯರ ಹೊಂಡದ ಹತ್ತಿರ ನೆರಳಿಗೆ ಕೂತೆ. ಕಣ್ಣಿನ ಹಿಂದೆ ಭಾರ, ಮೈಯೆಲ್ಲ ಹಿಂಡಿದ ಹಾಗೆ, ಮಕ್ಕಳು ಮಾತಾಡಿಸಿದರೂ ಸಿಟ್ಟು. ವಾರಕ್ಕೆ ಐದು ದಿನ ಭಾರ ಎತ್ತುವ ಮನುಷ್ಯ ನಾನು. ನಾಲ್ಕು ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ.

ಕೆಳಗೆ ಇಳಿದು ಒಂದು ಗ್ಲಾಸ್ ಟೀ ಕುಡಿದೆ. ಅರ್ಧ ಗಂಟೆಯಲ್ಲಿ ತಲೆನೋವು ಕರಗಲು ಶುರುವಾಯಿತು. ಆಗ ಗೊತ್ತಾಯಿತು, ಇದು ಬಿಸಿಲಲ್ಲ. ಶುಕ್ರವಾರ ಸಂಜೆ ನನ್ನ ಪ್ರೀ-ವರ್ಕೌಟ್ ಡಬ್ಬಿ, ಅಂದರೆ ಜಿಮ್‌ಗೆ ಮುಂಚೆ ನೀರಿಗೆ ಬೆರೆಸಿ ಕುಡಿಯುವ ಕೆಫೀನ್ ಪುಡಿಯ ಡಬ್ಬಿ, ಖಾಲಿಯಾಗಿತ್ತು. "ಇನ್ನು ಸ್ವಲ್ಪ ದಿನ ಬ್ರೇಕ್" ಎಂದು ಅದರ ಜೊತೆ ಟೀ, ಕಾಫಿಯನ್ನೂ ಒಂದೇ ಸಲ ಬಿಟ್ಟಿದ್ದೆ. ನಲವತ್ತು ಗಂಟೆ ಕಳೆದಿತ್ತು. ಮೈ ಕೆಫೀನ್ ಕೇಳುತ್ತಿತ್ತು.

ಬೆಳಗಿನ ಜಾವ ಊರಿನ ಯಾವ ಜಿಮ್‌ಗೆ ಹೋದರೂ ಒಂದು ಮಾತು ಕೇಳಿಸುತ್ತದೆ. "ಈ ಡಬ್ಬಿ ಈಗ ಏರ್ತಾ ಇಲ್ಲ ಅಣ್ಣಾ, ಬೇರೆ ಬ್ರ್ಯಾಂಡ್ ನೋಡ್ಬೇಕು." ಅರ್ಧ ಸ್ಕೂಪ್‌ನಲ್ಲಿ, ಅಂದರೆ ಡಬ್ಬಿಯೊಳಗಿನ ಅಳತೆ ಚಮಚದ ಅರ್ಧದಲ್ಲಿ, ಶುರು ಮಾಡಿದವರು ಮೂರು ತಿಂಗಳಿಗೆ ಒಂದಕ್ಕೆ ಬರುತ್ತಾರೆ, ವರ್ಷ ತುಂಬುವುದರೊಳಗೆ ಎರಡಕ್ಕೆ. ಪುಡಿ ಹಾಗೇ ಇರುತ್ತದೆ. ಬದಲಾಗುವುದು ಮಿದುಳು. ಅದು ಹೇಗೆ ಬದಲಾಗುತ್ತದೆ ಅಂತ ಒಮ್ಮೆ ಅರ್ಥವಾದರೆ, ಎಷ್ಟು ತೆಗೆದುಕೊಳ್ಳಬೇಕು, ಯಾವಾಗ ಬಿಡಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ.

ಹೇಳಲು ನನಗೆ ಓಬವ್ವನ ಕಿಂಡಿಗಿಂತ ಒಳ್ಳೆಯ ಹೋಲಿಕೆ ಸಿಗುತ್ತಿಲ್ಲ. ಕೋಟೆ ನೋಡಿದವರಿಗೆ ಅದು ಗೊತ್ತು. ಬಂಡೆಗಳ ನಡುವೆ ಒಬ್ಬೊಬ್ಬರೇ ಬಗ್ಗಿ ನುಸುಳಬೇಕಾದ ಸಂದಿ. ಕಾವಲಿನ ಗಂಡ ಊಟಕ್ಕೆ ಬಂದಿದ್ದಾಗ ನೀರು ತರಲು ಹೋದ ಓಬವ್ವ, ಹೈದರಾಲಿಯ ಸೈನಿಕರು ಅದರಲ್ಲಿ ತೂರಿ ಬರುವುದನ್ನು ಕಂಡು ಒನಕೆ ಹಿಡಿದು ನಿಂತಳು.

ನಮ್ಮ ಮಿದುಳಿನ ಜೀವಕೋಶಗಳ ಮೇಲೂ ಇಂಥ ಕಿಂಡಿಗಳಿವೆ. ರಿಸೆಪ್ಟರ್ ಎನ್ನುತ್ತಾರೆ. ಎಚ್ಚರವಾಗಿದ್ದಷ್ಟು ಹೊತ್ತು ಜೀವಕೋಶಗಳು ಎಟಿಪಿ ಎಂಬ ಇಂಧನವನ್ನು ಖರ್ಚು ಮಾಡುತ್ತಲೇ ಇರುತ್ತವೆ. ಅದು ಒಡೆದಾಗ ಉಳಿಯುವ ಒಂದು ಚೂರು ಅಡೆನೊಸಿನ್. ಹೊತ್ತು ಏರಿದಂತೆ ಅಡೆನೊಸಿನ್ ಜಾಸ್ತಿಯಾಗುತ್ತದೆ, ಕಿಂಡಿಗಳಲ್ಲಿ ಬಂದು ಕೂರುತ್ತದೆ. ಕೂತಷ್ಟೂ ಮಿದುಳಿಗೆ "ಸಾಕು, ಮಲಗು" ಎಂಬ ಸಂದೇಶ ಹೋಗುತ್ತದೆ. ಆಕಳಿಕೆ, ಮಂಪರು, ಕೈಕಾಲು ಭಾರ, ಎಲ್ಲ ಬರುವುದು ಹೀಗೆ.

ಕೆಫೀನ್‌ನ ಆಕಾರ ಅಡೆನೊಸಿನ್‌ನ ಆಕಾರಕ್ಕೆ ತುಂಬಾ ಹತ್ತಿರ. ಹಾಗಾಗಿ ಅದೇ ಕಿಂಡಿಯಲ್ಲಿ ಅದೂ ಕೂರಬಲ್ಲದು. ಆದರೆ ಕೂತು ಮಲಗು ಎನ್ನುವುದಿಲ್ಲ. ಸುಮ್ನೆ ದಾರಿಗೆ ಅಡ್ಡ ಕೂರುತ್ತದೆ. ಹೊರಗೆ ಅಡೆನೊಸಿನ್ ಸಾಲುಗಟ್ಟಿ ನಿಂತಿರುತ್ತದೆ, ಒಳಗಿನವರಿಗೆ ಸುದ್ದಿಯೇ ಇಲ್ಲ. ನಮಗೆ ಸುಸ್ತು ಕಾಣುವುದಿಲ್ಲ. ಕೆಫೀನ್ ಶಕ್ತಿ ಕೊಡುವುದಿಲ್ಲ, ಸುಸ್ತಿನ ಸುದ್ದಿಯನ್ನು ತಡೆಯುತ್ತದೆ ಅಷ್ಟೆ. ಇದನ್ನು ನಾನು ಜಿಮ್‌ನ ಹುಡುಗರಿಗೆ ಎಷ್ಟು ಸಲ ಹೇಳಿದರೂ ಸಾಲದು ಅನಿಸುತ್ತದೆ.

ಲಿವರ್ ಈ ಕೆಫೀನನ್ನು ನಿಧಾನವಾಗಿ ಒಡೆದು ಹೊರಹಾಕುತ್ತದೆ. ಹೆಚ್ಚಿನವರಲ್ಲಿ ಅರ್ಧ ಕರಗಲು ಸುಮಾರು 5 ಗಂಟೆ ಬೇಕು. ಕಿಂಡಿ ತೆರವಾಗುತ್ತಿದ್ದಂತೆ ಹೊರಗೆ ಕಾದಿದ್ದ ಅಡೆನೊಸಿನ್ ಒಳನುಗ್ಗುತ್ತದೆ. ವರ್ಕೌಟ್ ಮುಗಿಸಿ ಕೆಲಸಕ್ಕೆ ಹೋದವರು ಮಧ್ಯಾಹ್ನದ ಹೊತ್ತಿಗೆ ಕುಸಿದು ಕೂರುವುದು ಇದಕ್ಕೇ.

ಇದು ಮೊದಲ ದಿನದ ಕತೆ. ದಿನವೂ ಹೀಗೇ ಆದರೆ? ದಿನವೂ ಕಿಂಡಿಗಳಿಗೆ ಅಡ್ಡ ಕೂರುವವರಿದ್ದರೆ ಮಿದುಳು ಸುಮ್ಮನಿರುವುದಿಲ್ಲ. ಸುದ್ದಿ ಬರುತ್ತಿಲ್ಲ ಎಂದು ಹೊಸ ಕಿಂಡಿಗಳನ್ನು ಕೊರೆಯುತ್ತದೆ. ಕೆಫೀನ್ ಕೊಟ್ಟು ಬೆಳೆಸಿದ ಪ್ರಾಣಿಗಳ ಮಿದುಳಿನಲ್ಲಿ ಅಡೆನೊಸಿನ್ ರಿಸೆಪ್ಟರ್‌ಗಳು ಹೆಚ್ಚಾಗಿದ್ದನ್ನು ವಿಜ್ಞಾನಿಗಳು ನೋಡಿದ್ದಾರೆ. ಉದಾಹರಣೆಗೆ, ಮೊದಲು ಹತ್ತು ಕಿಂಡಿಯಲ್ಲಿ ಐದನ್ನು ಮುಚ್ಚುತ್ತಿದ್ದ ಅರ್ಧ ಸ್ಕೂಪ್, ಈಗ ಹದಿನೈದರಲ್ಲಿ ಐದನ್ನು ಮುಚ್ಚುತ್ತದೆ. "ಏರ್ತಾ ಇಲ್ಲ" ಎನ್ನುವ ಮಾತಿನ ಅರ್ಥ ಇದೇ. ಇದನ್ನು ಟಾಲರೆನ್ಸ್ ಎನ್ನುತ್ತಾರೆ. ಮೈ ಒಗ್ಗಿಕೊಂಡಿತು ಎನ್ನೋಣ.

ಈಗ ಒಂದು ದಿನ ಕೆಫೀನ್ ಬರಲಿಲ್ಲ ಅಂದುಕೊಳ್ಳಿ. ಹದಿನೈದೂ ಕಿಂಡಿ ತೆರೆದಿವೆ. ಕೆಫೀನ್ ಮುಟ್ಟದ ಮನುಷ್ಯನಿಗೆ ಹತ್ತೇ ಇವೆ. ಅವನಿಗಿಂತ ನಮಗೆ ಸುಸ್ತು ಜಾಸ್ತಿ. ಅಡೆನೊಸಿನ್‌ಗೆ ಇನ್ನೊಂದು ಕೆಲಸವಿದೆ, ಮಿದುಳಿನ ರಕ್ತನಾಳಗಳನ್ನು ಹಿಗ್ಗಿಸುವುದು. ಅದರಿಂದ ತಲೆನೋವು. ಕೋಟೆಯ ಮೇಲೆ ನನಗಾಗಿದ್ದು ಇದು. ಸಾಮಾನ್ಯವಾಗಿ ಕೊನೆಯ ಗುಟುಕಿನ ನಂತರ 12ರಿಂದ 24 ಗಂಟೆಯೊಳಗೆ ಶುರುವಾಗುತ್ತದೆ. 20ರಿಂದ 51 ಗಂಟೆಯ ನಡುವೆ ಜೋರಾಗಿರುತ್ತದೆ. 2ರಿಂದ 9 ದಿನ ಇರಬಹುದು. ಇದು ಮನಸ್ಸಿನ ಭ್ರಮೆಯಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5ರಲ್ಲಿ 2013ರಿಂದ ಕೆಫೀನ್ ವಿತ್‌ಡ್ರಾವಲ್ ಎಂಬ ಹೆಸರಿನಲ್ಲೇ ಇದು ಸೇರಿದೆ.

ನನ್ನ ಕಣ್ಣು ತೆರೆಸಿದ್ದು ಮುಂದಿನ ವಿಷಯ. ದಿನವೂ ಕುಡಿಯುವವರಿಗೆ ಬೆಳಗಿನ ಮೊದಲ ಲೋಟದಲ್ಲಿ ಸಿಗುವ "ಕಿಕ್" ಇದೆಯಲ್ಲ, ಅದರಲ್ಲಿ ದೊಡ್ಡ ಪಾಲು ರಾತ್ರಿಯೆಲ್ಲ ಕೆಫೀನ್ ಇಲ್ಲದೆ ಕುಗ್ಗಿದ ಮೈ ಮಾಮೂಲಿ ಮಟ್ಟಕ್ಕೆ ವಾಪಸ್ ಬರುವ ಖುಷಿ. ನಮ್ಮದು ವ್ಯಾಪಾರದ ಊರು, ಲೆಕ್ಕದ ಭಾಷೆಯಲ್ಲಿ ಹೇಳುತ್ತೇನೆ. ನೆನ್ನೆ ಮಾಡಿದ ಸಾಲವನ್ನು ಇವತ್ತು ತೀರಿಸಿ, ಅದನ್ನು ಲಾಭದ ಕಾಲಂನಲ್ಲಿ ಬರೆದುಕೊಂಡ ಹಾಗೆ. ಎರಡು ವರ್ಷ ನಾನು ಹಾಗೇ ಬರೆದುಕೊಂಡೆ.

ಹಾಗಾದರೆ ದಿನವೂ ಕುಡಿಯುವವರಿಗೆ ಆಟದಲ್ಲಿ, ಓಟದಲ್ಲಿ ಏನೂ ಉಪಯೋಗವಿಲ್ಲವೇ? ಇದೆ. ಬ್ರೆಜಿಲ್‌ನಲ್ಲಿ 40 ಸೈಕ್ಲಿಸ್ಟ್‌ಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದಿನಕ್ಕೆ ಸ್ವಲ್ಪ ಕುಡಿಯುವವರು, ಮಧ್ಯಮದವರು, ತುಂಬಾ ಕುಡಿಯುವವರು ಎಂದು ಮೂರು ಗುಂಪು ಮಾಡಿದ್ದರು. ಓಟಕ್ಕೆ ಮುಂಚೆ ಕೆಫೀನ್ ಕೊಟ್ಟಾಗ ಮೂರೂ ಗುಂಪುಗಳ ವೇಗ ಹೆಚ್ಚಾಯಿತು. ಸ್ಪೇನ್‌ನಲ್ಲಿ 2019ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ 20 ದಿನ ಬಿಡದೆ ಕೊಟ್ಟು ನೋಡಿದರು. ಮೊದಲ ದಿನದ ಪರಿಣಾಮವೇ ದೊಡ್ಡದು, ಆಮೇಲೆ ಅದು ಇಳಿಯಿತು, ಆದರೆ ಪೂರ್ತಿ ಹೋಗಲಿಲ್ಲ. ಆಸ್ಟ್ರೇಲಿಯಾದಲ್ಲಿ 2011ರಲ್ಲಿ ಸೈಕ್ಲಿಸ್ಟ್‌ಗಳಿಗೆ 4 ದಿನ ಕೆಫೀನ್ ಬಿಡಿಸಿ ಆಮೇಲೆ ಕೊಟ್ಟರು. ಬಿಟ್ಟಿದ್ದರಿಂದ ವಿಶೇಷ ಲಾಭ ಕಾಣಲಿಲ್ಲ. ಬಿಟ್ಟರೂ ಬಿಡದಿದ್ದರೂ ಕೆಫೀನ್‌ನಿಂದ ಸಿಕ್ಕಿದ್ದು ಹೆಚ್ಚುಕಮ್ಮಿ ಅಷ್ಟೇ.

ನನಗೆ ಇದರಿಂದ ತಿಳಿದದ್ದು ಇಷ್ಟು. ಮೈ ಜುಮ್ಮೆನ್ನುವ ಅನುಭವ ಬೇಗ ಸವೆಯುತ್ತದೆ. ಕೆಲಸಕ್ಕೆ ಬರುವ ಲಾಭ ನಿಧಾನವಾಗಿ ಸವೆಯುತ್ತದೆ. ನಾವು ಸ್ಕೂಪ್ ಹೆಚ್ಚಿಸುವುದು ಮಾತ್ರ ಜುಮ್ಮೆನ್ನುವುದರ ಬೆನ್ನು ಹತ್ತಿ. ಅಂದಹಾಗೆ, ಕೆನ್ನೆ, ಕೈಬೆರಳು ಚುರುಚುರು ಎನ್ನುವುದು ಕೆಫೀನ್‌ನಿಂದ ಅಲ್ಲವೇ ಅಲ್ಲ. ಅದು ಪ್ರೀ-ವರ್ಕೌಟ್‌ಗೆ ಬೆರೆಸುವ ಬೀಟಾ ಅಲನಿನ್ ಎಂಬ ಇನ್ನೊಂದು ವಸ್ತುವಿನ ಕೆಲಸ. ಚುರುಚುರು ಕಮ್ಮಿಯಾಯಿತು, ಪುಡಿ ಡೂಪ್ಲಿಕೇಟ್ ಎಂದು ಜಗಳ ಮಾಡಿದವರನ್ನು ನಾನು ನೋಡಿದ್ದೇನೆ.

ಸ್ಪರ್ಧೆಗೆ ನಾಲ್ಕು ದಿನ ಇರುವಾಗ ಎಲ್ಲ ಬಿಟ್ಟು ತಲೆನೋವಿನಲ್ಲಿ ಒದ್ದಾಡುವುದು ದಂಡ ಅನ್ನುವುದಂತೂ ಸ್ಪಷ್ಟ. ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಇಳಿಯುವ ಹುಡುಗರಿಗೆ ನಾನು ಇದನ್ನೇ ಹೇಳುತ್ತೇನೆ. ಬ್ರೇಕ್ ತೆಗೆದುಕೊಳ್ಳುವುದಾದರೆ ಅಭ್ಯಾಸ ಹಗುರವಾಗಿರುವ ತಿಂಗಳಲ್ಲಿ ತೆಗೆದುಕೊಳ್ಳಿ. ಕೆಫೀನ್ ಕುಡಿದು ಆಡುವುದು ಮೋಸವೂ ಅಲ್ಲ. ಮೊದಲು ಮೂತ್ರದಲ್ಲಿ ಒಂದು ಮಿತಿಗಿಂತ ಹೆಚ್ಚಿದ್ದರೆ ನಿಷೇಧವಿತ್ತು. 2004ರಲ್ಲಿ ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ನಿಷೇಧಿತ ಪಟ್ಟಿಯಿಂದ ಕೆಫೀನನ್ನು ತೆಗೆದುಹಾಕಿತು.

ಲಾಭ ಸಿಗುವ ಪ್ರಮಾಣ ಎಷ್ಟು? ಮೈತೂಕದ ಪ್ರತಿ ಕಿಲೋಗೆ 3ರಿಂದ 6 ಮಿಲಿಗ್ರಾಂ ಎಂಬುದು ಕ್ರೀಡಾ ಪೋಷಣೆಯವರ ಲೆಕ್ಕ. 60 ಕಿಲೋ ಇರುವವರಿಗೆ ಕೆಳಗಿನ ಮಿತಿ 180 ಮಿಲಿಗ್ರಾಂ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ, ಒಂದು ಸಲಕ್ಕೆ 200 ದಾಟದಿದ್ದರೆ ಅಪಾಯವಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿದೆ. ಗರ್ಭಿಣಿಯರಿಗೆ ಇಡೀ ದಿನಕ್ಕೆ 200. ಎರಡೂ ಲೆಕ್ಕವನ್ನು ಅಕ್ಕಪಕ್ಕ ಇಟ್ಟು ನೋಡಿದರೆ 6 ಮಿಲಿಗ್ರಾಂವರೆಗೆ ಹೋಗುವ ಅಗತ್ಯ ನಮ್ಮಂಥ ಸಾಮಾನ್ಯರಿಗೆ ಇಲ್ಲ.

ನನ್ನ ದಿನದ ಲೆಕ್ಕ ಹಾಕಿದಾಗ ನನಗೇ ಗಾಬರಿಯಾಯಿತು. ಒಂದೂವರೆ ಸ್ಕೂಪ್ ಎಂದರೆ 300 ಮಿಲಿಗ್ರಾಂ. ಮನೆಯ ಎರಡು ಫಿಲ್ಟರ್ ಕಾಫಿ, ಒಂದಕ್ಕೆ 80ರಂತೆ 160. ಮಂಡಕ್ಕಿ-ಮೆಣಸಿನಕಾಯಿ ಜೊತೆ, ಅಂಗಡಿಯಲ್ಲಿ, ಗೆಳೆಯರ ಜೊತೆ ಎಂದು ಮೂರು ಸಣ್ಣ ಗ್ಲಾಸ್ ಟೀ, ಸುಮಾರು 90. ಒಟ್ಟು 550. ಜಿಮ್‌ಗೆ ಹೋಗುವವರು ಸ್ಕೂಪ್ ಮಾತ್ರ ಎಣಿಸುತ್ತಾರೆ, ಟೀ ಎಣಿಸುವುದೇ ಇಲ್ಲ. ನೀವೂ ಒಮ್ಮೆ ಬರೆದು ನೋಡಿ. ಕಾಫಿ ಪುಡಿಯಲ್ಲಿ ರೋಬಸ್ಟಾ ಜಾಸ್ತಿ ಇದ್ದರೆ ಕೆಫೀನೂ ಜಾಸ್ತಿ, ಅರೇಬಿಕಾದ ಹತ್ತಿರ ಹತ್ತಿರ ಎರಡರಷ್ಟು. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಎನರ್ಜಿ ಡ್ರಿಂಕ್‌ಗೆ ನಮ್ಮ ದೇಶದ ನಿಯಮ ಲೀಟರಿಗೆ 145ರಿಂದ 300 ಮಿಲಿಗ್ರಾಂ. ಅಂದರೆ 250 ಎಂಎಲ್ ಬಾಟಲಿಯಲ್ಲಿ 36ರಿಂದ 75. ಅದರ ಮೇಲೆ ಮಕ್ಕಳಿಗೆ, ಗರ್ಭಿಣಿಯರಿಗೆ ಬೇಡ ಎಂದು ಬರೆದೇ ಇರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಹೈಸ್ಕೂಲ್ ಮಕ್ಕಳ ಕೈಯಲ್ಲಿ ಆ ಬಾಟಲಿ ಕಂಡಾಗ ಹೊಟ್ಟೆ ಉರಿಯುತ್ತದೆ.

ಡಬ್ಬಿಯ ಮೇಲೆ ಗ್ವಾರಾನಾ ಎಂದಿದ್ದರೆ ಅದೂ ಕೆಫೀನೇ, ಬೇರೆ ಗಿಡದ್ದು. ಕೆಲವು ತಲೆನೋವಿನ ಮಾತ್ರೆಗಳಲ್ಲೂ ಕೆಫೀನ್ ಇರುತ್ತದೆ. ಬ್ರೇಕ್‌ನಲ್ಲಿ ತಲೆ ನೋಯಿತು ಎಂದು ಅದನ್ನು ನುಂಗಿದರೆ ಬ್ರೇಕ್ ಮುರಿದ ಹಾಗೆ. ಇನ್ನು ಬರೀ ಕೆಫೀನ್ ಪುಡಿಯನ್ನು ಬಿಡಿಯಾಗಿ ತರಿಸುವವರು ಇದ್ದಾರೆ. ದಯವಿಟ್ಟು ಬೇಡ. ಅದರ ಒಂದು ಟೀ ಚಮಚ ಸುಮಾರು 28 ಕಪ್ ಕಾಫಿಗೆ ಸಮ ಎಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ. 1,200 ಮಿಲಿಗ್ರಾಂನಷ್ಟು ಒಮ್ಮೆಲೇ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು.

ಪೂರ್ತಿ ಒಗ್ಗದೇ ಉಳಿಯುವುದು ನಿದ್ರೆ. ಕೈ ನಡುಕ, ರಕ್ತದೊತ್ತಡದ ಏರಿಕೆ ಕೆಲವೇ ದಿನಗಳಲ್ಲಿ ತಗ್ಗುತ್ತವೆ. ಆಗ "ನನಗೆ ಏನೂ ಆಗಲ್ಲ, ಕುಡಿದೇ ಮಲಗ್ತೀನಿ" ಎನ್ನುತ್ತೇವೆ. ಆದರೆ ಮಲಗುವ 6 ಗಂಟೆ ಮೊದಲು 400 ಮಿಲಿಗ್ರಾಂ ತೆಗೆದುಕೊಂಡವರ ನಿದ್ರೆ ಒಂದು ಗಂಟೆಗಿಂತ ಜಾಸ್ತಿ ಕಮ್ಮಿಯಾಗಿದ್ದು 2013ರ ಅಧ್ಯಯನವೊಂದರಲ್ಲಿ ಕಂಡಿದೆ. ಸಂಜೆ ಆರಕ್ಕೆ 200 ಮಿಲಿಗ್ರಾಂನ ಸ್ಕೂಪ್ ಕುಡಿದವರ ಮೈಯಲ್ಲಿ ರಾತ್ರಿ ಹನ್ನೊಂದಕ್ಕೆ ಇನ್ನೂ 100 ಇರುತ್ತದೆ. ಗಟ್ಟಿ ಫಿಲ್ಟರ್ ಕಾಫಿ ಕುಡಿದು ದಿಂಬಿಗೆ ತಲೆ ಕೊಟ್ಟ ಹಾಗೆ, ಅಲ್ವಾ? ಮಾರನೆಯ ದಿನ ನಿದ್ರೆ ಸಾಲದೆ ಇನ್ನಷ್ಟು ಸುಸ್ತು, ಅದಕ್ಕೆ ಇನ್ನಷ್ಟು ಪುಡಿ. ಮಾಂಸಖಂಡ ಬೆಳೆಯಲು ಬೇಕಾದ ನಿದ್ರೆಯನ್ನೇ ಕೊಟ್ಟು, ಮಾಂಸಖಂಡ ಬೆಳೆಸುವ ಪುಡಿ ಕೊಳ್ಳುತ್ತಿದ್ದೇವೆ. ಸಿಗರೇಟ್ ಸೇದುವವರ ಲಿವರ್ ಕೆಫೀನನ್ನು ಬೇಗ ಒಡೆಯುತ್ತದೆ. ಅವರು ಸಿಗರೇಟ್ ಬಿಟ್ಟಾಗ ಅದೇ ಎರಡು ಕಾಫಿ ಮೈಯಲ್ಲಿ ಹೆಚ್ಚು ಹೊತ್ತು ನಿಂತು ಎದೆ ಹೊಡೆದುಕೊಳ್ಳಬಹುದು. ಸಿಗರೇಟ್ ಬಿಟ್ಟಿದ್ದಕ್ಕೇ ಹೀಗಾಯಿತು ಎಂದು ಮತ್ತೆ ಹಚ್ಚಬೇಡಿ, ಕಾಫಿ ಇಳಿಸಿ.

ಕೋಟೆಯಿಂದ ಬಂದ ಮೇಲೆ ನಾನು ಎರಡನೇ ಸಲ ಬ್ರೇಕ್‌ಗೆ ಇಳಿದೆ, ಈ ಸಲ ಮೆಟ್ಟಿಲು ಮೆಟ್ಟಿಲಾಗಿ. 550ರಿಂದ ಶುರು. ಮೊದಲ ನಾಲ್ಕು ದಿನ ಒಂದೇ ಸ್ಕೂಪ್, ಉಳಿದದ್ದು ಹಾಗೇ. ಮುಂದಿನ ನಾಲ್ಕು ದಿನ ಅರ್ಧ. ಆಮೇಲೆ ಪುಡಿ ಪೂರ್ತಿ ಬಂದ್. ಅಲ್ಲಿಗೆ 250ಕ್ಕೆ ಬಂದೆ. ಆಮೇಲೆ ಸಂಜೆಯ ಟೀ, ಮಧ್ಯಾಹ್ನದ್ದು, ಹೀಗೆ ಒಂದೊಂದೇ ಬಿಟ್ಟೆ. ಬೆಳಗಿನ ಕಾಫಿ ಬಿಡುವುದೇ ಕಷ್ಟವಾಗಿತ್ತು. ಮನೆಯಲ್ಲಿ ಡಿಕಾಕ್ಷನ್ ದಿನಕ್ಕೊಂದು ಚಮಚ ಕಮ್ಮಿ ಹಾಕುತ್ತಾ, ಹಾಲು ಜಾಸ್ತಿ ಮಾಡುತ್ತಾ ಬಂದರು. ಮೂರನೇ ವಾರಕ್ಕೆ ಸೊನ್ನೆ. ಒಂದೆರಡು ದಿನ ತಲೆ ಸ್ವಲ್ಪ ಭಾರ ಇತ್ತು ಅಷ್ಟೆ. ಸಿಡಿಯಲಿಲ್ಲ.

ಸೊನ್ನೆಯಲ್ಲಿ ಎರಡು ವಾರ ಇದ್ದೆ. ಮೊದಲ ವಾರ ಜಿಮ್‌ನಲ್ಲಿ ಭಾರ ಎತ್ತಲು ಮನಸ್ಸೇ ಇರಲಿಲ್ಲ. ಅಲ್ಲಿ ಹೆಚ್ಚಿನವರು ಸೋಲುತ್ತಾರೆ. "ಪುಡಿ ಇಲ್ಲದೆ ನಾನು ಇಷ್ಟೇ" ಎಂದು ವಾಪಸ್ ಡಬ್ಬಿ ತೆರೆಯುತ್ತಾರೆ. ಆ ಸುಸ್ತು ನಮ್ಮ ನಿಜವಾದ ಬಲದ ಅಳತೆ ಅಲ್ಲ. ಮಿದುಳು ಕೊರೆದ ಹೆಚ್ಚುವರಿ ಕಿಂಡಿಗಳು ಇನ್ನೂ ಕಮ್ಮಿಯಾಗಿಲ್ಲ, ಅದಕ್ಕೆ ಹಾಗೆ. ಆ ವಾರ ನಾನು ತೂಕ ಇಳಿಸಿದೆ, ಬೆಳಗ್ಗೆ ಕುಂದವಾಡ ಕೆರೆ ಸುತ್ತ ನಡೆದೆ. ಎರಡನೇ ವಾರದ ಮಧ್ಯೆ ಒಂದು ದಿನ ಅಲಾರಂಗೆ ಮುಂಚೆ ಎಚ್ಚರವಾಯಿತು. ಡೆಡ್‌ಲಿಫ್ಟ್‌ನಲ್ಲಿ ಹಳೆಯ ತೂಕಕ್ಕಿಂತ ಐದು ಕಿಲೋ ಕಮ್ಮಿ ಎತ್ತಿದೆ. ಬರೀ ಐದು! ಅಷ್ಟಕ್ಕಾಗಿ ದಿನಕ್ಕೆ 300 ಮಿಲಿಗ್ರಾಂ ಕುಡಿಯುತ್ತಿದ್ದೆ.

ಈಗ ವಾರಕ್ಕೆ ಎರಡು ದಿನ, ಭಾರಿ ಅಭ್ಯಾಸದ ದಿನ ಮಾತ್ರ, ಮುಂಚೆ ಒಂದು ಗಟ್ಟಿ ಕಾಫಿ. ಉಳಿದ ದಿನ ಒಂದು ಟೀ. ಪುಡಿ ತರುವುದನ್ನೇ ಬಿಟ್ಟೆ. ಕಾಫಿ ಕುಡಿದು 45 ನಿಮಿಷ ಬಿಟ್ಟು ಶುರು ಮಾಡುತ್ತೇನೆ, ರಕ್ತದಲ್ಲಿ ಕೆಫೀನ್ ಮೇಲೇರಲು ಅಷ್ಟು ಹೊತ್ತು ಬೇಕು.

ಇಷ್ಟೆಲ್ಲ ಹೇಳಿದ್ದು ಕೆಫೀನ್‌ಗೆ ಮಾತ್ರ. ಜಿಮ್‌ಗಳಲ್ಲಿ ಈಗ ಇನ್ನೊಂದು ಓಡಾಡುತ್ತಿದೆ. ಮೆಫೆಂಟರ್ಮಿನ್ ಇಂಜೆಕ್ಷನ್. ಆಪರೇಷನ್‌ಗೆ ಬೆನ್ನಿಗೆ ಅರಿವಳಿಕೆ ಕೊಟ್ಟಾಗ ಬಿದ್ದುಹೋಗುವ ರಕ್ತದೊತ್ತಡವನ್ನು ಎತ್ತಲು ವೈದ್ಯರು ಬಳಸುವ ಔಷಧಿ ಅದು. ಅದನ್ನು ತಂದು ವರ್ಕೌಟ್‌ಗೆ ಮುಂಚೆ ಚುಚ್ಚಿಕೊಳ್ಳುತ್ತಾರೆ. ಇದು ಕಿಂಡಿಗೆ ಅಡ್ಡ ಕೂರುವ ಜಾತಿಯಲ್ಲ. ನರಗಳ ತುದಿಯಲ್ಲಿ ಕೂಡಿಟ್ಟ ಎದೆಬಡಿತ, ರಕ್ತದೊತ್ತಡ ಏರಿಸುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕದ ದಾಸ್ತಾನನ್ನು ಹೊರಗೆ ಚೆಲ್ಲಿಸುತ್ತದೆ. ಕಣಜ ಖಾಲಿಯಾದ ಮೇಲೆ ಮತ್ತೆ ಚುಚ್ಚಿದರೆ ಚೆಲ್ಲಲು ಏನಿರುತ್ತದೆ? ಅದಕ್ಕೆ ಇದರ ಪರಿಣಾಮ ದಿನಗಳಲ್ಲಲ್ಲ, ಸಾಲುಸಾಲಾಗಿ ತೆಗೆದುಕೊಂಡರೆ ಗಂಟೆಗಳಲ್ಲೇ ಇಳಿಯುತ್ತದೆ. ಹುಡುಗರು ಡೋಸ್ ಏರಿಸುತ್ತಾರೆ. ರಕ್ತದೊತ್ತಡ ಏರುತ್ತದೆ, ಎದೆಬಡಿತ ತಪ್ಪುತ್ತದೆ, ನಿದ್ರೆ ಹೋಗುತ್ತದೆ, ಕೆಲವರಿಗೆ ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಸಂಶಯ ಹುಟ್ಟುತ್ತದೆ. ಚಟವಾಗಿ ಆಸ್ಪತ್ರೆಗೆ ಬಂದವರ ಬಗ್ಗೆ ನಮ್ಮ ದೇಶದ ಮನೋವೈದ್ಯರೇ ಬರೆದಿದ್ದಾರೆ. ವಾಡಾದ ನಿಷೇಧಿತ ಪಟ್ಟಿಯಲ್ಲೂ ಇದೆ.

ಇದಕ್ಕೆ "ಆರು ವಾರ ತಗೊಂಡು ಎರಡು ವಾರ ಬ್ರೇಕ್" ಎಂಬ ಲೆಕ್ಕ ಹೇಳುವವರನ್ನು ನಂಬಬೇಡಿ. ಕಾಫಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಿಡಬೇಕು, ವೈದ್ಯರ ಜೊತೆ ಬಿಡಬೇಕು, ಏಕೆಂದರೆ ಬಿಟ್ಟಾಗ ಮನಸ್ಸು ತುಂಬಾ ಕುಗ್ಗಬಹುದು. ಹಾಗೆಯೇ ಎಡಿಎಚ್‌ಡಿಗೆ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆಗೆ, ವೈದ್ಯರು ಬರೆದುಕೊಟ್ಟ ಮಿಥೈಲ್‌ಫೆನಿಡೇಟ್ ಎಂಬ ಉತ್ತೇಜಕ ಔಷಧಿ ತೆಗೆದುಕೊಳ್ಳುತ್ತಿರುವವರು, ಈ ಲೇಖನ ಓದಿ ತಾವಾಗಿಯೇ ಬ್ರೇಕ್ ಮಾಡಬೇಡಿ. ಅದು ಚಿಕಿತ್ಸೆ, ಅದರ ವಿರಾಮವನ್ನು ಬರೆದುಕೊಟ್ಟವರೇ ಹೇಳಬೇಕು.

ಚುಚ್ಚಿಕೊಳ್ಳುತ್ತಿರುವ ತಮ್ಮನೋ ಗೆಳೆಯನೋ ಇದ್ದರೆ ಬೈಯದೆ ಕರೆದುಕೊಂಡು ಹೋಗಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ. ಮೊದಲು ಫೋನ್‌ನಲ್ಲಿ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಮುಂದೆ ಕೂತಾಗ ಮೂರು ವಿಷಯ ಮುಚ್ಚಿಡಬೇಡಿ: ಔಷಧಿಯ ಹೆಸರು, ದಿನಕ್ಕೆ ಎಷ್ಟು, ಕೊನೆಯ ಸಲ ಯಾವಾಗ. ಎದೆನೋವು ಇದ್ದರೆ, ಉಸಿರು ಕಟ್ಟಿದರೆ, ಎದೆಬಡಿತ ಅಡ್ಡಾದಿಡ್ಡಿಯಾದರೆ ಫೋನ್ ಮಾಡುತ್ತಾ ಕೂರಬೇಡಿ, ನೇರವಾಗಿ ತುರ್ತು ವಿಭಾಗಕ್ಕೆ ಹೋಗಿ. ಇಂಜೆಕ್ಷನ್‌ನ ಖಾಲಿ ಸೀಸೆ (ವಯಲ್) ಸಿಕ್ಕರೆ ಅದನ್ನೂ ಜೇಬಿನಲ್ಲಿ ಹಾಕಿಕೊಂಡು ಹೋಗಿ, ಒಳಗೆ ಏನು ಹೋಗಿದೆ ಎಂದು ವೈದ್ಯರಿಗೆ ತಕ್ಷಣ ತಿಳಿಯುತ್ತದೆ.